ಹೋಮ್ ಥಿಯೇಟರ್: ಸ್ಪೀಕರ್ ಡಿಲೇ ಹೊಂದಾಣಿಕೆ ಮತ್ತು ಮರಳಿ ಬರುವ ಸರಕು

ಹೋಮ್ ಥಿಯೇಟರ್ ಉಪಕರಣಗಳ ವ್ಯಾಪಾರದಲ್ಲಿರುವ ಸದಸ್ಯರಿಗೆ ಒಂದು ದೂರು ಚಿರಪರಿಚಿತ. ಅಂಗಡಿಯಲ್ಲಿ ಸೊಗಸಾಗಿ ಕೇಳಿಸಿದ ಸೆಟ್ ಮನೆಯಲ್ಲಿ ಹಾಗೆ ಕೇಳಿಸುತ್ತಿಲ್ಲ, ಧ್ವನಿಯೆಲ್ಲ ಹಿಂದಿನಿಂದಲೇ ಬರುತ್ತಿದೆ, ಆದ್ದರಿಂದ ಸ್ಪೀಕರ್ ಬದಲಿಸಿಕೊಡಿ ಎಂಬುದು ಅದರ ಸಾರ. ಸ್ಪೀಕರ್ ಪೆಟ್ಟಿಗೆಗಳನ್ನು ತಯಾರಿಸುವ ಸಣ್ಣ ಉದ್ಯಮಿಗೂ ಇದರ ಬಿಸಿ ತಟ್ಟುತ್ತದೆ. ಸರಕು ಮರಳಿ ಬರುತ್ತದೆ, ಸಾಗಣೆಯ ವೆಚ್ಚ ಅವನ ಪಾಲಿಗೆ ಬೀಳುತ್ತದೆ. ಪರೀಕ್ಷಿಸಿ ನೋಡಿದರೆ ಸ್ಪೀಕರಿನಲ್ಲಿ ಯಾವ ದೋಷವೂ ಇರುವುದಿಲ್ಲ. ಆದುದರಿಂದ ಬದಲಿಸಿಕೊಡುವ ಮುನ್ನ ಪ್ರತಿ ಸ್ಪೀಕರಿನ ಧ್ವನಿಮಟ್ಟವನ್ನೂ ಡಿಲೇ ಅಂದರೆ ವಿಳಂಬ ಕಾಲವನ್ನೂ ಪರಿಶೀಲಿಸುವುದು ಲಾಭಕರ. ಮೊದಲನೆಯದನ್ನು ಬಹುತೇಕ ಎಲ್ಲರೂ ಮಾಡುತ್ತಾರೆ. ಎರಡನೆಯದು ಉಪೇಕ್ಷೆಗೆ ಒಳಗಾಗಿದೆ.

20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆ. ಅಂದರೆ ಒಂದು ಅಡಿ ಕ್ರಮಿಸಲು ಸುಮಾರು 0.9 ಮಿಲಿಸೆಕೆಂಡ್ ಬೇಕು. ಹತ್ತಿರದ ಸ್ಪೀಕರಿನ ಧ್ವನಿ ಮೊದಲು ತಲುಪುವುದು ಸಹಜ. ಮೊದಲು ತಲುಪಿದ ಧ್ವನಿಯ ದಿಕ್ಕನ್ನೇ ನಮ್ಮ ಕಿವಿ ನಂಬುತ್ತದೆ. ಸ್ವಲ್ಪ ತಡವಾಗಿ ಬಂದ ಧ್ವನಿ ತುಸು ಗಟ್ಟಿಯಾಗಿದ್ದರೂ ಈ ನಂಬಿಕೆ ಕದಲುವುದಿಲ್ಲ ಎಂಬುದನ್ನು ಜರ್ಮನಿಯ ಹೆಲ್ಮುಟ್ ಹಾಸ್ ತಮ್ಮ 1949ರ ಪ್ರೌಢ ಪ್ರಬಂಧದಲ್ಲಿ ವಿವರಿಸಿದ್ದಾರೆ. ಸೋಫಾವನ್ನು ಹಿಂಗೋಡೆಗೆ ಒತ್ತರಿಸಿ, ಸರೌಂಡ್ ಸ್ಪೀಕರುಗಳನ್ನು ಅದೇ ಗೋಡೆಗೆ ತೂಗುಹಾಕುವ ನಮ್ಮ ಸಣ್ಣ ಹಜಾರಗಳಲ್ಲಿ ಈ ತೊಂದರೆ ಎದ್ದು ಕಾಣುತ್ತದೆ.

ಪರಿಹಾರಕ್ಕೆ ಬೇಕಾದುದು ಒಂದು ಅಳತೆ ಟೇಪು ಮಾತ್ರ. ಮುಖ್ಯ ಆಸನದಲ್ಲಿ ಕುಳಿತವರ ತಲೆಯಿಂದ ಪ್ರತಿ ಸ್ಪೀಕರಿಗೂ ನೇರ ದೂರವನ್ನು ಅಳೆಯಬೇಕು. ಮುಂದಿನ ಎಡ ಮತ್ತು ಬಲ ಸ್ಪೀಕರುಗಳು 10 ಅಡಿ, ಮಧ್ಯದ ಸ್ಪೀಕರ್ 9 ಅಡಿ, ಸರೌಂಡ್ 5 ಅಡಿ ದೂರದಲ್ಲಿವೆ ಎಂದಿಟ್ಟುಕೊಳ್ಳೋಣ. ಅತಿ ದೂರದ್ದಕ್ಕೆ ಸೊನ್ನೆ. ಮಧ್ಯದ್ದು ಒಂದು ಅಡಿ ಹತ್ತಿರವಿರುವುದರಿಂದ ಅದಕ್ಕೆ ಸುಮಾರು 1 ಮಿಲಿಸೆಕೆಂಡ್, 5 ಅಡಿ ಹತ್ತಿರವಿರುವ ಸರೌಂಡಿಗೆ ಸುಮಾರು 4.5 ಮಿಲಿಸೆಕೆಂಡ್ ವಿಳಂಬ ನೀಡತಕ್ಕದ್ದು. ಹೀಗೆ ಮಾಡಿದಾಗ ಎಲ್ಲ ಸ್ಪೀಕರುಗಳ ಧ್ವನಿಯೂ ಆಸನವನ್ನು ಏಕಕಾಲಕ್ಕೆ ತಲುಪುತ್ತದೆ. ಬದಿಯ ಆಸನಗಳಲ್ಲಿ ಕುಳಿತವರಿಗೆ ಈ ಲೆಕ್ಕ ಪೂರ್ತಿ ಹೊಂದದು. ಅದನ್ನು ಗ್ರಾಹಕರಿಗೆ ಮೊದಲೇ ತಿಳಿಸಿಬಿಡುವುದು ಒಳಿತು.

ಉಪಕರಣವು ದೂರವನ್ನು ಕೇಳುತ್ತದೆಯೋ ಕಾಲವನ್ನು ಕೇಳುತ್ತದೆಯೋ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ದೂರ ಕೇಳಿದರೆ ಅಳೆದದ್ದನ್ನೇ ನಮೂದಿಸಿದರಾಯಿತು, ವ್ಯವಕಲನವನ್ನು ಯಂತ್ರವೇ ಮಾಡಿಕೊಳ್ಳುತ್ತದೆ. ಪ್ರತಿ ಸ್ಪೀಕರಿಗೂ ಮಿಲಿಸೆಕೆಂಡ್ ಕೇಳುವ ಉಪಕರಣದಲ್ಲಿ ಅಡಿಗಳ ಸಂಖ್ಯೆಯನ್ನೇ ತುಂಬಿದರೆ ಮಾತ್ರ ಅನರ್ಥ. ಮೇಲಿನ ಕೋಣೆಯಲ್ಲಿ ಮುಂದಿನದಕ್ಕೆ 10, ಸರೌಂಡಿಗೆ 5 ಎಂದು ತುಂಬಿದಾಗ ಸರೌಂಡ್ ಧ್ವನಿ ಮೊದಲು ಸುಮಾರು 4.5 ಮಿಲಿಸೆಕೆಂಡ್ ಮುಂದಿದ್ದದ್ದು ಈಗ 9.5 ಮಿಲಿಸೆಕೆಂಡ್ ಮುಂದಾಗುತ್ತದೆ. ದೋಷವನ್ನು ತಿದ್ದಲು ಹೋಗಿ ಇಮ್ಮಡಿ ಮಾಡಿದಂತೆ!

1987ರಲ್ಲಿ ಬಂದ ಡಾಲ್ಬಿ ಪ್ರೊ ಲಾಜಿಕ್ ಪದ್ಧತಿಯಲ್ಲಿ ಇನ್ನೊಂದು ವಿಶೇಷವಿದೆ. ಅದರಲ್ಲಿ ನಾಲ್ಕು ಚಾನೆಲ್‌ಗಳನ್ನು ಎರಡರೊಳಗೆ ಬೆಸೆದಿರುವುದರಿಂದ ಸಂಭಾಷಣೆಯ ಅಂಶ ಸರೌಂಡಿಗೂ ಸೋರುತ್ತದೆ. ಅದನ್ನು ಮರೆಮಾಚಲು ಸರೌಂಡಿಗೆ ಸುಮಾರು 15 ಮಿಲಿಸೆಕೆಂಡ್ ಹೆಚ್ಚುವರಿ ವಿಳಂಬ ಕೊಡುವುದು ರೂಢಿ; ಎಷ್ಟೋ ರಿಸೀವರುಗಳು ಇದನ್ನು ತಾವೇ ಸೇರಿಸಿಕೊಳ್ಳುತ್ತವೆ. ಚಾನೆಲ್‌ಗಳು ಪ್ರತ್ಯೇಕವಾಗಿರುವ ಡಾಲ್ಬಿ ಡಿಜಿಟಲ್‌ಗೆ ಇದರ ಅಗತ್ಯವಿಲ್ಲ.

ಮೈಕ್ ಜೊತೆಗೆ ಬರುವ ಸ್ವಯಂಚಾಲಿತ ಅಳತೆಯ ರಿಸೀವರುಗಳು ಕೆಲವೊಮ್ಮೆ ಸಬ್‌ವೂಫರಿನ ದೂರವನ್ನು ಟೇಪಿನ ಅಳತೆಗಿಂತ ಹೆಚ್ಚಾಗಿ ತೋರಿಸುತ್ತವೆ. ಸಬ್‌ವೂಫರಿನ ಒಳಗಿನ ಫಿಲ್ಟರುಗಳಿಂದಾಗುವ ವಿಳಂಬವೂ ಅದರಲ್ಲಿ ಸೇರಿರುತ್ತದೆ. ತಪ್ಪೆಂದು ಭಾವಿಸಿ ತಿದ್ದಬಾರದು. ತುಟಿಯ ಚಲನೆಗೂ ಮಾತಿಗೂ ತಾಳೆಯಾಗದಿರುವ ದೂರು ಬೇರೆಯೇ ವಿಷಯ. ಅದಕ್ಕೆ ಲಿಪ್ ಸಿಂಕ್ ಎಂಬ ಪ್ರತ್ಯೇಕ ಹೊಂದಾಣಿಕೆಯಿದ್ದು, ಅದು ಎಲ್ಲ ಚಾನೆಲ್‌ಗಳನ್ನೂ ಒಟ್ಟಿಗೆ ತಡೆಯುತ್ತದೆ.

ಅಳವಡಿಸಿದ ದಿನವೇ ಅಳತೆಗಳನ್ನು ವಾರಂಟಿ ಕಾರ್ಡಿನ ಹಿಂಬದಿಯಲ್ಲಿ ಬರೆದಿಡುವ ಪದ್ಧತಿಯನ್ನು ವರ್ತಕರು ರೂಢಿಸಿಕೊಳ್ಳಬಹುದು. ಮನೆಯವರು ಸೋಫಾ ಸರಿಸಿದ್ದಾರೆಯೇ ಎಂಬುದನ್ನು ಮುಂದೆ ದೂರು ಬಂದಾಗ ದೂರವಾಣಿಯಲ್ಲಿಯೇ ಕೇಳಿ ತಿಳಿಯಲು ಇದರಿಂದ ಅನುಕೂಲವಾಗುತ್ತದೆ.