ನಿಮಗಿದು ಗೊತ್ತೆ? ಉಬ್ಬಸದ ಸುಳಿವು ಮೂತ್ರದಲ್ಲೂ ಸಿಗುತ್ತದೆ!

ನಾಲ್ಕು ವರ್ಷದ ಮಗುವಿನ ಬಾಯಿಗೆ ಕೊಳವೆ ಕೊಟ್ಟು ‘ಜೋರಾಗಿ ಊದು ಪುಟ್ಟಾ, ಇನ್ನೂ, ಇನ್ನೂ’ ಎಂದು ನೋಡಿ. ಎರಡು ಸಲ ಊದಿ, ಮೂರನೆಯದಕ್ಕೆ ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತದೆ. ಐದಾರು ವರ್ಷ ತುಂಬದ ಮಕ್ಕಳಿಗೆ ಸ್ಪೈರೋಮೆಟ್ರಿ ಎಂಬ ಈ ಊದುವ ಪರೀಕ್ಷೆ ಅಷ್ಟು ಕಷ್ಟ. ಪುಟ್ಟ ಡಬ್ಬಿಯಲ್ಲಿ ಮೂತ್ರ ಹಿಡಿಯುವುದಕ್ಕಾದರೆ ಸೂಜಿ ಬೇಡ, ಅಳುವೂ ಇಲ್ಲ.

ಆದರೆ ಎದೆಯೊಳಗಿನ ಸುದ್ದಿ ಮೂತ್ರಕ್ಕೆ ಬರುವುದು ಹೇಗೆ? ಅಸ್ತಮಾದಲ್ಲಿ ಶ್ವಾಸನಾಳದ ಒಳಪದರ ಊದಿಕೊಂಡಾಗ ಅಲ್ಲಿನ ಮಾಸ್ಟ್ ಕೋಶಗಳು, ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಲ್ಯೂಕೋಟ್ರೈನ್ ಎನ್ನುವ ರಾಸಾಯನಿಕಗಳನ್ನು ಹೊರಬಿಡುತ್ತವೆ. ಶ್ವಾಸನಾಳವನ್ನು ಬಿಗಿಯುವುದರಲ್ಲಿ ಇವು ಅಲರ್ಜಿಯಲ್ಲಿ ಹೊರಬರುವ ಹಿಸ್ಟಮಿನ್‌ಗಿಂತ ನೂರಾರು ಪಟ್ಟು ಪ್ರಬಲ. ಇವು ರೂಪಾಂತರಗೊಂಡು ಕೊನೆಗೆ ಉಳಿಯುವ ‘ಎಲ್‌ಟಿಇ4’ ಮೂತ್ರದಲ್ಲಿ ಹೊರಬೀಳುತ್ತದೆ. ಹೆಚ್ಚು ನೀರು ಕುಡಿದರೆ ಮೂತ್ರ ತೆಳುವಾಗುತ್ತದಲ್ಲ, ಅದಕ್ಕೇ ಮೂತ್ರದಲ್ಲಿರುವ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಪ್ರಮಾಣದೊಂದಿಗೆ ಹೋಲಿಸಿ ಲೆಕ್ಕ ಹಾಕುತ್ತಾರೆ.

‘ಲ್ಯೂಕೋಟ್ರೈನ್’ ಎಂಬ ಹೆಸರು ಬಂದದ್ದು 1979ರಲ್ಲಿ, ಸ್ವೀಡನ್ನಿನ ಬೆಂಗ್ಟ್ ಸ್ಯಾಮುಯೆಲ್ಸನ್ ಅವರ ಪ್ರಯೋಗಾಲಯದಿಂದ. 1982ರ ವೈದ್ಯಕೀಯ ನೊಬೆಲ್ ಹಂಚಿಕೊಂಡ ಮೂವರಲ್ಲಿ ಅವರೂ ಒಬ್ಬರು. ಮಕ್ಕಳ ವೈದ್ಯರು ಬರೆದುಕೊಡುವ ಮಾಂಟೆಲುಕಾಸ್ಟ್ ಮಾತ್ರೆ ತಡೆಯುವುದು ಈ ಲ್ಯೂಕೋಟ್ರೈನ್‌ಗಳ ಕೆಲಸವನ್ನೇ.

ಮೂತ್ರದ ಈ ಪರೀಕ್ಷೆ ಇನ್ನೂ ಬಹುಮಟ್ಟಿಗೆ ಸಂಶೋಧನಾಲಯಗಳಲ್ಲೇ ಇದೆ. ವೈದ್ಯರ ಸ್ಟೆತೊಸ್ಕೋಪಿಗೆ ಇದು ಬದಲಿಯಲ್ಲ. ಆದರೂ ಇದು ತೋರಿಸಿಕೊಟ್ಟ ಒಂದು ಸಂಗತಿ ಮನಸ್ಸು ಕಲಕುತ್ತದೆ: ದೊಡ್ಡವರು ಸೇದಿ ಬಿಟ್ಟ ಸಿಗರೇಟಿನ ಹೊಗೆಯನ್ನು ಉಸಿರಾಡುವ ಅಸ್ತಮಾ ಮಕ್ಕಳ ಮೂತ್ರದಲ್ಲಿ ಎಲ್‌ಟಿಇ4 ಹೆಚ್ಚಿರುವುದು ಕಂಡುಬಂದಿದೆ.