ಖಾಲಿ ಕಾಗದಕ್ಕೆ ಒತ್ತಿದ ಹೆಬ್ಬೆಟ್ಟು

'ನಮ್ಮ ಗೋಪ್ಯತಾ ನೀತಿಯನ್ನು ಪರಿಷ್ಕರಿಸಿದ್ದೇವೆ, ಮುಂದುವರಿಯಲು ಸಮ್ಮತಿಸಿ' ಎಂಬ ಒಕ್ಕಣೆ ಮೊಬೈಲ್ ಪರದೆಯ ಮೇಲೆ ಮೂಡಿದಾಗ ಅದನ್ನು ಕೊನೆಯವರೆಗೆ ಓದುವವರು ಎಷ್ಟು ಮಂದಿ? ಬಹುತೇಕರು ಕೆಳಗಿನ ಗುಂಡಿಯನ್ನು ಒತ್ತಿ ಮುಂದೆ ಸಾಗುತ್ತಾರೆ. ಯಾರಾದರೂ ಪ್ರಶ್ನಿಸಿದರೆ, 'ಎಲ್ಲ ಕಂಪನಿಗಳೂ ಅಷ್ಟೇ, ನಮ್ಮ ಮಾಹಿತಿ ಆಗಲೇ ಅವರ ಕೈಯಲ್ಲಿದೆಯಲ್ಲ' ಎಂದು ನಗುತ್ತಾರೆ. ಈ ಸಿನಿಕತನವನ್ನು ಜನರ ಅಜ್ಞಾನವೆಂದು ತಳ್ಳಿಹಾಕುವುದು ನಗರದ ವಿದ್ಯಾವಂತರಲ್ಲಿ ರೂಢಿಯಾಗಿದೆ. ಆದರೆ ವಾಸ್ತವ ಬೇರೆಯೇ ಇದೆ.

ನಿವೃತ್ತಿಯ ನಂತರ ನಾನು ಹೆಚ್ಚು ಕಾಲ ಕಳೆಯುತ್ತಿರುವುದು ಅರಸೀಕೆರೆಯಲ್ಲಿ. ಹಾಸನ ಜಿಲ್ಲೆಯ ರೈಲ್ವೆ ಜಂಕ್ಷನ್ ಅಲ್ಲ, ಹರಪನಹಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ಅರಸೀಕೆರೆ. ಮೆಕ್ಕೆಜೋಳದ ಧಾರಣೆ, ಶಾಲೆಯ ಸೂಚನೆ, ಮದುವೆಯ ಕರೆಯೋಲೆ ಎಲ್ಲವೂ ಇಲ್ಲಿ ಈಗ ವಾಟ್ಸ್‌ಆ್ಯಪ್ ಮೂಲಕವೇ ಹರಿಯುತ್ತವೆ. ನಿಯಮಗಳನ್ನು ಓದಿದಿರಾ ಎಂದು ಇಲ್ಲಿನ ಗೊಬ್ಬರದಂಗಡಿಯ ಮಾಲೀಕರೊಬ್ಬರನ್ನು ಕೇಳಿದೆ. 'ಓದಿದ್ರೂ ಒತ್ತಬೇಕು, ಓದದಿದ್ರೂ ಒತ್ತಬೇಕು ಸಾಹೇಬ್ರೇ. ಮತ್ಯಾಕ್ ಓದಬೇಕು?' ಎಂದರು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಈ ತರ್ಕದಲ್ಲಿ ದೋಷ ಕಾಣಲಿಲ್ಲ. ಓದಲು ತಗಲುವ ಶ್ರಮ ನಿಶ್ಚಿತ. ಅದರಿಂದ ದೊರೆಯುವ ಫಲ ಶೂನ್ಯ.

ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಆಮೇಲೆ ತನಗೆ ಬೇಕಾದದ್ದನ್ನು ಬರೆದುಕೊಳ್ಳುವ ಸಾಹುಕಾರನ ಕಥೆ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಅಂಥ ವಂಚನೆಯ ವಿರುದ್ಧ ಕಾನೂನು ಬಹಳ ಹಿಂದೆಯೇ ಎಚ್ಚೆತ್ತಿತ್ತು. 1881ರ ವರ್ಗಾವಣೀಯ ಲಿಖಿತಗಳ ಅಧಿನಿಯಮದ 87ನೇ ಕಲಮಿನ ಪ್ರಕಾರ, ಪ್ರಾಮಿಸರಿ ನೋಟಿನಲ್ಲಿ ಸಹಿಯಾದ ಬಳಿಕ ಮುಖ್ಯ ಅಂಶವೊಂದನ್ನು ತಿದ್ದಿದರೆ, ಆ ತಿದ್ದುಪಡಿಗೆ ಒಪ್ಪದವನ ಮಟ್ಟಿಗೆ ಆ ಪತ್ರವೇ ಅಸಿಂಧುವಾಗುತ್ತದೆ. ಸಾವಿರ ರೂಪಾಯಿಯ ಸಾಲಪತ್ರಕ್ಕೆ ಇರುವ ಈ ರಕ್ಷಣೆ ಕೋಟ್ಯಂತರ ಜನರ ಖಾಸಗಿ ಮಾಹಿತಿಗೆ ಇಲ್ಲದೇ ಹೋದದ್ದೇಕೆ ಎಂಬುದು ನನ್ನ ಪ್ರಶ್ನೆ.

ವಾಟ್ಸ್‌ಆ್ಯಪ್‌ನ ಚರಿತ್ರೆಯನ್ನೇ ನೋಡಿ. 2014ರಲ್ಲಿ ಫೇಸ್‌ಬುಕ್ ಈ ಸಂಸ್ಥೆಯನ್ನು ಖರೀದಿಸಿದಾಗ, ಬಳಕೆದಾರರ ಪಾಲಿಗೆ ಏನೂ ಬದಲಾಗದೆಂಬ ಆಶ್ವಾಸನೆ ದೊರೆತಿತ್ತು. ಎರಡೇ ವರ್ಷಗಳಲ್ಲಿ, 2016ರ ಆಗಸ್ಟ್‌ನಲ್ಲಿ, ಮಾಹಿತಿಯನ್ನು ಫೇಸ್‌ಬುಕ್‌ನೊಡನೆ ಹಂಚಿಕೊಳ್ಳುವ ಹೊಸ ನೀತಿ ಬಂತು. ಜಾಹೀರಾತಿನ ಉದ್ದೇಶಕ್ಕೆ ಹಂಚಿಕೆ ಬೇಡವೆನ್ನಲು ಹಳೆಯ ಬಳಕೆದಾರರಿಗೆ ಆಗ ಮೂವತ್ತು ದಿನಗಳ ಅವಕಾಶವಾದರೂ ಇತ್ತು. 2021ರ ಜನವರಿಯ ಪರಿಷ್ಕರಣೆಯಲ್ಲಿ ಅಂಥ ಆಯ್ಕೆ ಇರಲಿಲ್ಲ. ಫೆಬ್ರುವರಿ 8ರೊಳಗೆ ಒಪ್ಪಬೇಕೆಂದು ಸೂಚಿಸಲಾಯಿತು. ಪ್ರತಿಭಟನೆಯ ಬಿಸಿ ತಟ್ಟಿದ ಮೇಲೆ ಗಡುವನ್ನು ಮೇ 15ಕ್ಕೆ ಮುಂದೂಡಲಾಯಿತು.

ನ್ಯಾಯದ ದೃಷ್ಟಿಯಿಂದ ಒಂದು ಮಾತು ಹೇಳಬೇಕು. ಖಾಸಗಿ ಸಂದೇಶಗಳನ್ನೇ ಕಂಪನಿ ಓದಲಿದೆ ಎಂದು ಆಗ ಹರಡಿದ ಸುದ್ದಿ ನಿಜವಾಗಿರಲಿಲ್ಲ. ಬದಲಾವಣೆ ಮುಖ್ಯವಾಗಿ ವ್ಯಾಪಾರ ಸಂಸ್ಥೆಗಳೊಂದಿಗಿನ ಸಂವಹನಕ್ಕೆ ಹಾಗೂ ಬಳಕೆಯ ವಿವರಗಳಿಗೆ ಸಂಬಂಧಿಸಿತ್ತು. ಆದರೆ ಕೊಟ್ಟ ಮಾತು ಒಮ್ಮೆ ಮುರಿದ ಮೇಲೆ ವಿವರಣೆಯನ್ನು ನಂಬುವವರು ಯಾರು? ವದಂತಿ ಬೆಳೆಯುವುದು ವಿಶ್ವಾಸ ಒಣಗಿದ ನೆಲದಲ್ಲಿ.

ಬೇಡವಾದರೆ ಬಿಡಬಹುದಲ್ಲ ಎಂಬ ವಾದವುಂಟು. 2021ರಲ್ಲಿ ಅನೇಕರು ಸಿಗ್ನಲ್, ಟೆಲಿಗ್ರಾಂಗಳನ್ನು ಅಳವಡಿಸಿಕೊಂಡದ್ದೂ ನಿಜ. ಆದರೆ ಇಂಥ ಸೇವೆಯ ಬೆಲೆ ಇರುವುದು ಅದರಲ್ಲಿ ಇತರರೂ ಇದ್ದಾರೆ ಎಂಬುದರಲ್ಲಿ. ಗೊಬ್ಬರದಂಗಡಿಯವರು ಒಬ್ಬರೇ ಹೊರಬಂದರೆ ಕಂಪನಿಗೆ ನಷ್ಟವಿಲ್ಲ, ನಷ್ಟವೆಲ್ಲ ಅವರ ವ್ಯಾಪಾರಕ್ಕೆ. ಸಂತೆಗೆ ಇರುವುದು ಒಂದೇ ದಾರಿಯಾದಾಗ ಸುಂಕದವನ ಮುಂದೆ 'ನಿಮ್ಮ ಇಚ್ಛೆ' ಎಂಬ ಮಾತಿಗೆ ಅರ್ಥವಿಲ್ಲ.

ಸಿನಿಕತನದ ನಿಜವಾದ ಅಪಾಯವನ್ನು ಅರ್ಥಮಾಡಿಕೊಳ್ಳಲು ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ, ಹಳೆಯ ಕಾರುಗಳ ಮಾರುಕಟ್ಟೆ ಕುರಿತ ಪ್ರಬಂಧ ನೆರವಾಗುತ್ತದೆ. ಅವರಿಗೆ 2001ರಲ್ಲಿ ನೊಬೆಲ್ ಪುರಸ್ಕಾರ ಸಂದಿತು. ಒಳ್ಳೆಯ ಸರಕು ಯಾವುದು, ಕೆಟ್ಟದ್ದು ಯಾವುದು ಎಂದು ಕೊಳ್ಳುವವನಿಗೆ ತಿಳಿಯದಿದ್ದರೆ ಅವನು ಎಲ್ಲವನ್ನೂ ಕೆಟ್ಟದ್ದೆಂಬ ಅಂದಾಜಿನಲ್ಲೇ ಬೆಲೆ ಕಟ್ಟುತ್ತಾನೆ. ಒಳ್ಳೆಯ ಸರಕಿನವನು ಮಾರುಕಟ್ಟೆಯಿಂದ ನಿರ್ಗಮಿಸುತ್ತಾನೆ. ಗೋಪ್ಯತೆಯ ಭರವಸೆಗೂ ಇದೇ ಸೂತ್ರ ಅನ್ವಯ. 'ಎಲ್ಲರೂ ಕಳ್ಳರೇ' ಎಂದು ಜನ ತೀರ್ಮಾನಿಸಿದರೆ ಮಾತು ಉಳಿಸಿಕೊಂಡ ಕಂಪನಿಗೆ ಲಾಭವಿಲ್ಲ, ಮುರಿದ ಕಂಪನಿಗೆ ನಷ್ಟವಿಲ್ಲ. ಜನರ ನಿರಾಶೆಯೇ ತಪ್ಪಿತಸ್ಥನ ಬಂಡವಾಳವಾಗುತ್ತದೆ.

ನಮ್ಮ ತಾಲ್ಲೂಕಿನದೇ ಒಂದು ಉದಾಹರಣೆ ಕೊಡುತ್ತೇನೆ. ಬಳ್ಳಾರಿ ಜಿಲ್ಲೆಯಲ್ಲಿದ್ದ ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಸೇರಿತು, 2018ರಲ್ಲಿ ಮರಳಿ ಬಳ್ಳಾರಿಗೆ ಬಂತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯ ಪಾಲಾಯಿತು. ಜಿಲ್ಲಾ ಕಚೇರಿಗೆ ಹೋಗುವ ಬಸ್ಸು ಬದಲಾಯಿತೆಂದು ಜನ ಗೊಣಗಿರಬಹುದು. ಆದರೆ ಜಿಲ್ಲೆ ಬದಲಾಯಿತೆಂಬ ಕಾರಣಕ್ಕೆ ಯಾರ ಹೊಲದ ಹಕ್ಕೂ ಪಹಣಿಯಲ್ಲಿ ಬದಲಾಗಲಿಲ್ಲ. ಆಡಳಿತಗಾರ ಬದಲಾದರೂ ಹಿಂದೆ ಪಡೆದ ಹಕ್ಕು ಉಳಿಯಬೇಕು ಎಂಬುದೇ ಕಾನೂನಿನ ಆಡಳಿತದ ಅಡಿಪಾಯ. ಕಂಪನಿಯ ಒಡೆತನ ಬದಲಾದಾಗಲೂ ಈ ತತ್ವವೇ ನಡೆಯಬೇಕಲ್ಲವೇ?

ಇದು ಅಸಾಧ್ಯದ ಬೇಡಿಕೆಯೇನೂ ಅಲ್ಲ. ದೆಹಲಿ ಹೈಕೋರ್ಟ್ 2016ರ ಸೆಪ್ಟೆಂಬರ್ 23ರ ಆದೇಶದಲ್ಲಿ, ಆ ತಿಂಗಳ 25ರವರೆಗೆ ಸಂಗ್ರಹವಾದ ಬಳಕೆದಾರರ ಮಾಹಿತಿಯನ್ನು ಫೇಸ್‌ಬುಕ್‌ನೊಡನೆ ಹಂಚಿಕೊಳ್ಳಬಾರದೆಂದು ವಾಟ್ಸ್‌ಆ್ಯಪ್‌ಗೆ ನಿರ್ದೇಶಿಸಿತ್ತು. ಕ್ರೆಡಿಟ್ ಕಾರ್ಡಿನ ಶುಲ್ಕವನ್ನು ಬದಲಿಸುವ ಬ್ಯಾಂಕು ಕನಿಷ್ಠ ಒಂದು ತಿಂಗಳ ಮುನ್ಸೂಚನೆ ನೀಡಬೇಕು, ಬದಲಾವಣೆ ಮುಂದಿನ ದಿನಗಳಿಗೆ ಮಾತ್ರ ಅನ್ವಯಿಸಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಇದೇ ಬ್ಯಾಂಕು 2022ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಡಿಜಿಟಲ್ ಸಾಲದ ಮಾರ್ಗಸೂಚಿಯಲ್ಲಿ, ಸಾಲ ನೀಡುವ ಆ್ಯಪ್‌ಗಳು ಸಾಲಗಾರನ ಫೋನಿನಲ್ಲಿರುವ ಸಂಪರ್ಕ ಸಂಖ್ಯೆಗಳ ಪಟ್ಟಿಯನ್ನು ಮುಟ್ಟಬಾರದೆಂದಿತು. ಸಾಲ ಬಾಕಿಯಾದರೆ ನೆಂಟರಿಷ್ಟರಿಗೆಲ್ಲ ಕರೆ ಮಾಡಿ ಮಾನ ಕಳೆಯುವ ವಸೂಲಿ ಪದ್ಧತಿಯನ್ನು ಬಲ್ಲವರಿಗೆ ಇದರ ಮಹತ್ವ ತಿಳಿದೀತು. ಕೆಲವು ವಿಷಯಗಳಲ್ಲಿ ಸಮ್ಮತಿಯ ನಾಟಕವೇ ಬೇಡ, ನೇರ ನಿಷೇಧ ಸಾಕು.

ಸ್ಪರ್ಧಾ ಆಯೋಗವೂ ಸುಮ್ಮನಿರಲಿಲ್ಲ. 'ಒಪ್ಪಿ, ಇಲ್ಲವೇ ಬಿಡಿ' ಎಂಬ 2021ರ ಧೋರಣೆಗಾಗಿ 2024ರ ನವೆಂಬರ್‌ನಲ್ಲಿ ವಾಟ್ಸ್‌ಆ್ಯಪ್‌ನ ಮಾತೃಸಂಸ್ಥೆ ಮೆಟಾಗೆ ₹213.14 ಕೋಟಿ ದಂಡ ವಿಧಿಸಿ, ಜಾಹೀರಾತಿಗಾಗಿ ಮಾಹಿತಿ ಹಂಚಿಕೆಯನ್ನು ಐದು ವರ್ಷ ನಿರ್ಬಂಧಿಸಿತು. 2025ರ ನವೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿದು, ಐದು ವರ್ಷಗಳ ನಿರ್ಬಂಧವನ್ನು ತೆಗೆದುಹಾಕಿತು.

ಇನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ನಿರ್ದಿಷ್ಟ ಉದ್ದೇಶಕ್ಕೆ, ಅಗತ್ಯವಿದ್ದಷ್ಟು ಮಾಹಿತಿಗೆ ಮಾತ್ರ ಸಮ್ಮತಿ ಎಂದು ಅದು ಹೇಳುತ್ತದೆ. ಸೂಚನೆಯನ್ನು ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ, ಅಂದರೆ ಕನ್ನಡದಲ್ಲೂ, ಓದುವ ಆಯ್ಕೆ ಇರಬೇಕೆನ್ನುತ್ತದೆ. ದಂಡ ₹250 ಕೋಟಿವರೆಗೂ ಹೋಗಬಹುದು. ನಿಯಮಗಳು 2025ರ ನವೆಂಬರ್‌ನಲ್ಲಷ್ಟೇ ಪ್ರಕಟವಾದವು. ಕಂಪನಿಗಳ ಮುಖ್ಯ ಹೊಣೆಗಾರಿಕೆಗಳ ಜಾರಿಗೆ ಅಲ್ಲಿಂದ ಹದಿನೆಂಟು ತಿಂಗಳ ಕಾಲಾವಕಾಶ ನೀಡಲಾಗಿದೆ. ಕೊರತೆ ಇರುವುದು ಬೇರೆಡೆ. ವಸೂಲಾದ ದಂಡ ಭಾರತದ ಸಂಚಿತ ನಿಧಿಗೆ ಹೋಗುತ್ತದೆಯೇ ಹೊರತು, ನೊಂದವನಿಗೆ ಪರಿಹಾರ ಕೊಡಿಸುವ ಅವಕಾಶ ಈ ಕಾಯ್ದೆಯಲ್ಲಿಲ್ಲ. ಬದಲಿಗೆ ಸುಳ್ಳು ಅಥವಾ ಕ್ಷುಲ್ಲಕ ದೂರು ನೀಡಿದರೆ ಅವನಿಗೇ ₹10,000ದವರೆಗೆ ದಂಡ ಬೀಳಬಹುದು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆಯನ್ನು ಶಾಸನವೇ ಸಮರ್ಥಿಸಿದಂತಾಗಬಾರದು.

ಮೂರು ಕೆಲಸಗಳು ತುರ್ತಾಗಿ ಆಗಬೇಕು. ಬದಲಾದ ಷರತ್ತು ಹಿಂದೆ ನೀಡಿದ ಮಾಹಿತಿಗೆ ಅನ್ವಯಿಸದೆಂದು ಶಾಸನ ಸ್ಪಷ್ಟವಾಗಿ ಸಾರಬೇಕು. ಹೊಸ ಷರತ್ತನ್ನು ನಿರಾಕರಿಸಿದವನಿಗೆ ಹಳೆಯ ಸೇವೆ ತಪ್ಪಬಾರದು. ಕನ್ನಡದಲ್ಲಿ ದೂರು ಬರೆದುಕೊಡುವ ನೆರವು ಗ್ರಾಮ ಒನ್ ಕೇಂದ್ರಗಳಲ್ಲಿ ದೊರೆಯಬೇಕು, ನಷ್ಟ ಸಾಬೀತಾದರೆ ಪರಿಹಾರ ದೂರುದಾರನ ಕೈ ಸೇರಬೇಕು.

ಇದರಿಂದೇನು ಆದೀತು ಎಂದು ಕೇಳುವವರು ಕನ್ನಡಿಗರೊಬ್ಬರನ್ನು ನೆನೆಯಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದಾಗ ಅವರಿಗೆ ಎಂಬತ್ತೈದು ದಾಟಿತ್ತು. ಅದೇ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಅವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಆ ವಯಸ್ಸಿನಲ್ಲಿ ಅವರು 'ಎಲ್ಲರೂ ಅಷ್ಟೇ' ಎಂದು ನಕ್ಕು ಮನೆಯಲ್ಲಿ ಕುಳಿತಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಹಕ್ಕು ಸಿಕ್ಕಿದ್ದು ಅವರು ಹಾಗೆ ಕೂರದ ಕಾರಣಕ್ಕೆ. ಅದನ್ನು ಹರಪನಹಳ್ಳಿಯ ಅಂಗಡಿ, ಹೊಲಗಳವರೆಗೆ ತಲುಪಿಸುವ ಹೊಣೆ ಈಗ ಶಾಸನ ಮಾಡುವವರ ಮೇಲಿದೆ, ಕೇಳಬೇಕಾದ ನಮ್ಮ ಮೇಲೂ ಇದೆ.