ಹೆಸರಿನ ದಿಕ್ಕು, ನೆಲದ ದಿಕ್ಕು

ಊರಿಗಾಗಲಿ ನಾಡಿಗಾಗಲಿ ಇಟ್ಟ ಹೆಸರು ಬರಿಯ ಗುರುತಲ್ಲ. ಅದನ್ನಿಟ್ಟವರು ಯಾವ ಕಾಲದವರು, ಎಲ್ಲಿ ನಿಂತು ನೋಡಿದವರು ಎಂಬುದನ್ನೂ ಅದು ಹೇಳುತ್ತದೆ. ನಮ್ಮ ದೇಶದ ಭೂಪಟವನ್ನು ಹರಡಿಕೊಂಡು ಕುಳಿತರೆ, ಹೆಸರು ತೋರುವ ದಿಕ್ಕು ಒಂದು, ನೆಲವಿರುವ ದಿಕ್ಕು ಇನ್ನೊಂದು ಎನ್ನುವಂಥ ಎಡೆಗಳು ಹಲವು ಕಾಣುತ್ತವೆ. ಅವನ್ನು ಕಂಡು ನಗುವ ಮೊದಲು ಕಾರಣವನ್ನು ವಿಚಾರಿಸುವುದು ಒಳ್ಳೆಯದು.

ಮೊದಲು ನಮ್ಮ ನಾಡನ್ನೇ ನೋಡೋಣ. ಉತ್ತರ ಕನ್ನಡ ಜಿಲ್ಲೆಯು ಕರ್ನಾಟಕದ ಉತ್ತರದ ತುದಿಯಲ್ಲಿ ಇರಬೇಕಷ್ಟೆ? ಇಲ್ಲ. ಬೆಳಗಾವಿ, ವಿಜಯಪುರ, ಕಲಬುರಗಿಗಳು ಅದಕ್ಕಿಂತ ಉತ್ತರದಲ್ಲಿವೆ; ಬೀದರವಂತೂ ಕಾರವಾರಕ್ಕಿಂತ ಸುಮಾರು 3 ಅಕ್ಷಾಂಶಗಳಷ್ಟು ಮೇಲಿದೆ. ದಕ್ಷಿಣ ಕನ್ನಡವಾದರೂ ದಕ್ಷಿಣದ ತುದಿಯಲ್ಲಿದೆಯೇ? ಅದೂ ಇಲ್ಲ. ಮೈಸೂರು, ಚಾಮರಾಜನಗರಗಳು ಮಂಗಳೂರಿಗಿಂತ ದಕ್ಷಿಣದಲ್ಲಿವೆ. ಇದರ ಗುಟ್ಟೇನೆಂದರೆ, ಈ ಉತ್ತರ ದಕ್ಷಿಣಗಳು ಕರ್ನಾಟಕದವಲ್ಲ, ಕೆನರಾ ಜಿಲ್ಲೆಯವು. ಬ್ರಿಟಿಷರ ಆಳ್ವಿಕೆಯಲ್ಲಿ ಕರಾವಳಿಯುದ್ದಕ್ಕೂ ಹಬ್ಬಿದ್ದ ಈ ಜಿಲ್ಲೆಯು ಮದರಾಸು ಪ್ರಾಂತಕ್ಕೆ ಸೇರಿತ್ತು. ಅದನ್ನು ಎರಡಾಗಿ ಒಡೆದು, ಉತ್ತರದ ಪಾಲನ್ನು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಕೊಟ್ಟರು. ಒಡೆದ ಜಿಲ್ಲೆಯ ಗೆರೆ ಇಂದಿಗೂ ಆ ಎರಡು ಹೆಸರುಗಳಲ್ಲಿ ಉಳಿದಿದೆ.

ದಕ್ಷಿಣದ ಪಾಲಿನ ಕಥೆ ಇನ್ನೂ ಸ್ವಾರಸ್ಯವಾದುದು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಆ ಜಿಲ್ಲೆ ಮೂರು ಪಾಲಾಯಿತು. ಕಾಸರಗೋಡು ತಾಲ್ಲೂಕು ಕೇರಳಕ್ಕೆ ಹೋಯಿತು. ಅಲ್ಲಿಯ ಕನ್ನಡಿಗರು ಮನೆ ಬದಲಿಸದೆಯೇ ಬೇರೊಂದು ರಾಜ್ಯದವರಾದರು. ಅರಬ್ಬೀ ಸಮುದ್ರದ ಅಮೀನದೀವಿ ದ್ವೀಪಗಳು ಕೇಂದ್ರದ ಆಡಳಿತಕ್ಕೆ ಸೇರಿದವು. ಉಳಿದ ಭಾಗ ಮೈಸೂರು ರಾಜ್ಯಕ್ಕೆ ಬಂದಿತು. ಮುಂದೆ 1973ರ ನವೆಂಬರ್ 1ರಂದು ಮೈಸೂರು ರಾಜ್ಯವು ಕರ್ನಾಟಕವೆನಿಸಿತು. ಅದೇ ದಿನ ಆ ದ್ವೀಪಸಮೂಹಕ್ಕೂ ಲಕ್ಷದ್ವೀಪವೆಂಬ ಹೆಸರಾಯಿತು. ಹೆಸರಿನಲ್ಲಿ ಲಕ್ಷವಿದ್ದರೂ ಎಣಿಕೆಯಲ್ಲಿ ಅವು 36. ಜನರು ವಾಸಿಸುವುದು 10ರಲ್ಲಿ ಮಾತ್ರ.

ಇಂಥ ವಿಚಿತ್ರಗಳು ನಮ್ಮಲ್ಲಿ ಮಾತ್ರವಲ್ಲ, ದೇಶದ ಎಲ್ಲೆಡೆಯೂ ಉಂಟು. ಪಶ್ಚಿಮ ಬಂಗಾಳವು ಭಾರತದ ಪೂರ್ವದಲ್ಲಿದೆ. 1947ರ ವಿಭಜನೆಯಲ್ಲಿ ಬಂಗಾಳದ ಪೂರ್ವಾರ್ಧವು ಪಾಕಿಸ್ತಾನಕ್ಕೆ ಹೋಗಿ, 1971ರಲ್ಲಿ ಬಾಂಗ್ಲಾದೇಶವಾಯಿತು. ಜೊತೆಯ ಪೂರ್ವ ಅಳಿದರೂ ಪಶ್ಚಿಮ ಒಂಟಿಯಾಗಿ ಉಳಿಯಿತು. ಪಂಜಾಬೆಂದರೆ ಐದು ನೀರುಗಳ ನಾಡು. ಅದೇ ವಿಭಜನೆಯಲ್ಲಿ ಝೇಲಮ್, ಚಿನಾಬ್ ನದಿಗಳ ಬಯಲು ಗಡಿಯಾಚೆ ಉಳಿದು, ನಮ್ಮ ಪಂಜಾಬಿಗೆ ಸಟ್ಲೆಜ್, ಬಿಯಾಸ್, ರಾವಿ ಎಂಬ ಮೂರೇ ದಕ್ಕಿದವು. ಯುನೈಟೆಡ್ ಪ್ರಾವಿನ್ಸಸ್ ಎಂಬ ಪ್ರಾಂತವು 1950ರಲ್ಲಿ ಉತ್ತರ ಪ್ರದೇಶವಾದಾಗ ಹೆಸರು ಬದಲಾದರೂ ಯು.ಪಿ. ಎಂಬ ಎರಡಕ್ಷರಗಳು ಕದಲಲಿಲ್ಲ. ಅದರ ಉತ್ತರಕ್ಕೆ ಉತ್ತರಾಖಂಡ, ಹಿಮಾಚಲ ಪ್ರದೇಶಗಳಿವೆಯೆಂಬುದನ್ನು ಭೂಪಟವೇ ತೋರಿಸುತ್ತದೆ.

ಎಲ್ಲಕ್ಕಿಂತ ಚದುರಿ ಬಿದ್ದಿರುವುದು ಪುದುಚೇರಿ. ಅದರ ನಾಲ್ಕು ತುಂಡುಗಳಲ್ಲಿ ಪುದುಚೇರಿ, ಕಾರೈಕಾಲ್‌ಗಳು ತಮಿಳುನಾಡಿನ ಕರಾವಳಿಯಲ್ಲಿವೆ. ಯಾನಂ ಆಂಧ್ರದ ಗೋದಾವರಿಯ ಮುಖಜಭೂಮಿಯಲ್ಲಿದೆ. ಮಾಹೆ ಕೇರಳದ ಪಡುಗಡಲ ತೀರದಲ್ಲಿದೆ. ಫ್ರೆಂಚರು ವ್ಯಾಪಾರಕ್ಕೆಂದು ಹಿಡಿದ ನೆಲೆಗಳಿವು. 1954ರ ನವೆಂಬರ್ 1ರಂದು ಇವುಗಳ ಆಡಳಿತ ಭಾರತದ ಕೈಗೆ ಬಂದಿತು. ಸುತ್ತಲಿನ ರಾಜ್ಯಗಳಲ್ಲಿ ಕರಗದೆ, ನಾಲ್ಕೂ ಇಂದಿಗೂ ಒಂದೇ ಹೆಸರಿನಲ್ಲಿ ಬಾಳುತ್ತಿವೆ.

ನಾವಿರುವ ಮಹಾರಾಷ್ಟ್ರಕ್ಕೆ ಬಂದರೆ, ಇಲ್ಲಿಯೂ ಒಂದು 'ಕನ್ನಡ' ಉಂಟು! 2023ರಲ್ಲಿ ಛತ್ರಪತಿ ಸಂಭಾಜಿನಗರವೆಂದು ಹೆಸರು ಪಡೆದ ಔರಂಗಾಬಾದ್ ಜಿಲ್ಲೆಯಲ್ಲಿ ಕನ್ನಡ್ ಎಂಬುದೊಂದು ತಾಲ್ಲೂಕು. ಆದರೆ ಅಲ್ಲಿ ಕೇಳಿಬರುವ ನುಡಿ ಮರಾಠಿ. ಕನ್ನಡ ಮಾತು ಕೇಳಬೇಕಾದರೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳತ್ತ ಹೋಗಬೇಕು; ಅವುಗಳ ಹೆಸರಿನಲ್ಲಿ ಕನ್ನಡವೆಂಬ ಪದವೇ ಇಲ್ಲ.

ಇನ್ನು ವಾಕಡದಲ್ಲಿ ಕುಳಿತು ಓದುತ್ತಿರುವ ನಮ್ಮ ವಿಚಾರ. ನಮ್ಮಲ್ಲಿ ಅನೇಕರ ಮನೆಗಳು ವಿಜಯಪುರ, ಕಲಬುರಗಿ, ಬೀದರಗಳ ಕಡೆಯವು. ಬೆಂಗಳೂರಿಗೆ ಹೋದರೆ ನಾವು ಉತ್ತರ ಕರ್ನಾಟಕದವರು, ಇಲ್ಲಿ ದಕ್ಷಿಣದವರು. ಬೀದರವು ಪುಣೆಗಿಂತ ಅರ್ಧ ಅಕ್ಷಾಂಶದಷ್ಟೇ ಕೆಳಗಿದ್ದರೂ ಆ ಊರಿನ ಹುಡುಗ ಇಲ್ಲಿ 'ದಕ್ಷಿಣದವನು' ಎನಿಸಿಕೊಳ್ಳುತ್ತಾನೆ. ಹೊರಗಿನವರು ಎಂಬ ಮಾತೂ ಒಮ್ಮೊಮ್ಮೆ ಕಿವಿಗೆ ಬೀಳುವುದುಂಟು. ಆಗ ಮನಸ್ಸು ಕುಗ್ಗಬೇಕಾಗಿಲ್ಲ, ಮಾರುತ್ತರಕ್ಕೆ ಜಗಳವೂ ಬೇಕಾಗಿಲ್ಲ. 1956ರ ಅಕ್ಟೋಬರ್ 31ರವರೆಗೆ ವಿಜಯಪುರವೂ ಪುಣೆಯೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ಮಹಾರಾಷ್ಟ್ರವೆಂಬ ರಾಜ್ಯ ಹುಟ್ಟಿದ್ದು 1960ರ ಮೇ 1ರಂದು. ಹಿಂದೆ ಒಂದೇ ರಾಜ್ಯದೊಳಗಿನ ಪಯಣವಾಗಿದ್ದುದು ಇಂದು ಗಡಿ ದಾಟುವ ಪಯಣವಾಗಿದೆ; ದಾರಿ ಮಾತ್ರ ಅಷ್ಟೇ ಉದ್ದ.

ನೀರು ಈ ಗೆರೆಗಳನ್ನು ಅರಿಯದು. ವಾಕಡದ ಪಕ್ಕದ ಮುಳಾ ನದಿ ಪುಣೆಯಲ್ಲಿ ಮುಠೆಯನ್ನು ಕೂಡಿ, ಭೀಮೆಗೆ ಸೇರುತ್ತದೆ. ಭೀಮೆಯು ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳನ್ನು ಹಾದು, ರಾಯಚೂರಿನ ಉತ್ತರದಲ್ಲಿ ಕೃಷ್ಣೆಯನ್ನು ಕೂಡುತ್ತದೆ.

ವಿದ್ಯಾರ್ಥಿಗಳು ಒಂದು ಕೆಲಸ ಮಾಡಬೇಕು. ಮನೆಯ ಹಿರಿಯರಲ್ಲಿ, 1955ರಲ್ಲಿ ತಮ್ಮ ಊರು ಯಾವ ರಾಜ್ಯದಲ್ಲಿತ್ತೆಂದು ಕೇಳಿರಿ. ಮುಂಬಯಿ, ಹೈದರಾಬಾದು, ಮದರಾಸು, ಮೈಸೂರು, ಕೊಡಗು ಎಂದು ಬಗೆಬಗೆಯ ಉತ್ತರಗಳು ಬರಬಹುದು. ಅವನ್ನು ಒಂದು ಹಾಳೆಯಲ್ಲಿ ಬರೆದು, ಪಕ್ಕದಲ್ಲಿ ಇಂದಿನ ರಾಜ್ಯ, ಜಿಲ್ಲೆಗಳ ಹೆಸರನ್ನೂ ಬರೆದು ತರಗತಿಗೆ ತನ್ನಿರಿ. ಎಲ್ಲವನ್ನೂ ಒಂದೇ ಭೂಪಟದ ಮೇಲೆ ಗುರುತಿಸಿ ನೋಡೋಣ.